ಪೂರ್ತಿ ತಿಳಿಯದ ಜೀವಿಯನ್ನು ಕಂಪ್ಯೂಟರಿನೊಳಗೆ ಕಟ್ಟುವುದು ಹೇಗೆ?

ಪ್ರಶ್ನೆ: ಎಣ್ಮಕಜೆಯ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡು ಬಂದಿದ್ದೇನೆ. ಹೃದಯ, ಜೀವಕೋಶ, ಸಾಂಕ್ರಾಮಿಕ ರೋಗ ಮುಂತಾದವುಗಳ ಮಾದರಿಗಳನ್ನು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ ಎಂದು ಅವಳು ಪತ್ರಿಕೆಯಲ್ಲಿ ಓದಿದ್ದಾಳೆ. ಜೀವಕೋಶದೊಳಗೆ ನಡೆಯುವುದೆಲ್ಲ ಇನ್ನೂ ಯಾರಿಗೂ ಪೂರ್ತಿಯಾಗಿ ತಿಳಿದಿಲ್ಲವೆಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಹಾಗಾದರೆ ತಮಗೇ ಗೊತ್ತಿಲ್ಲದ್ದನ್ನು ಅವರು ಕಂಪ್ಯೂಟರಿಗೆ ಹೇಳಿಕೊಡುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಭೌತಶಾಸ್ತ್ರದಲ್ಲಿ ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ನಿಯಮ ಮೊದಲೇ ಕೈಯಲ್ಲಿರುತ್ತದೆ. ಜೀವಿಗಳ ವಿಷಯದಲ್ಲಿ ಅಂತಹ ನಿಯಮ ಎಲ್ಲಿಂದ ಬರುತ್ತದೆ? ಹದಿನಾಲ್ಕು ವರ್ಷದವರಿಗೆ ಕಪ್ಪುಹಲಗೆಯ ಮೇಲೆ ತೋರಿಸಬಹುದಾದ ಉದಾಹರಣೆಯೊಂದನ್ನು ಯಾರಾದರೂ ಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಮುಳ್ಳೇರಿಯದವಳು

ಮಾಷ್ಟ್ರೆ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ನಾನು ಸಂಶೋಧನೆಗೆ ಸೇರಿ ಎರಡು ವರ್ಷ ಕಳೆದ ಮೇಲೆ ಕೇಳಿಕೊಂಡೆ. ಊರು ಮುಳ್ಳೇರಿಯ, ಈಗ ಬೆಂಗಳೂರಿನಲ್ಲಿ ಸಸ್ಯರೋಗಗಳ ಗಣಕ ಮಾದರಿಗಳ ಮೇಲೆ ಕೆಲಸ ಮಾಡುತ್ತಿದ್ದೇನೆ.

ಅವಳಿಗೆ ಮೊದಲು ಹೇಳಬೇಕಾದದ್ದು, ಮಾದರಿಯನ್ನು ಕಟ್ಟುವವರು ಇಡೀ ಜೀವಿಯನ್ನು ಕಂಪ್ಯೂಟರಿನೊಳಗೆ ಇಳಿಸಲು ಹೊರಡುವುದಿಲ್ಲ ಎಂಬುದು. ಅವರು ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳುತ್ತಾರೆ; ಆ ಪ್ರಶ್ನೆಗೆ ಬೇಕಾದದ್ದನ್ನು ಮಾತ್ರ ಒಳಗೆ ತೆಗೆದುಕೊಂಡು ಉಳಿದದ್ದನ್ನು ತಿಳಿದೇ ಹೊರಗಿಡುತ್ತಾರೆ. ನನ್ನ ಅನುಭವದಲ್ಲಿ ಕಷ್ಟದ ಕೆಲಸವಿರುವುದು ಈ ಹೊರಗಿಡುವುದರಲ್ಲಿಯೇ, ಗಣಿತ ಅನಂತರದ್ದು.

ಕಪ್ಪುಹಲಗೆಗೆ ನಮ್ಮ ಊರಿನ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಳೆಗಾಲಕ್ಕೆ ಮುಂಚೆ ಒಮ್ಮೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬಿಡುತ್ತೇವೆ (ಸಿಂಪಡಿಸುತ್ತೇವೆ), ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬಿಡುತ್ತೇವೆ. ಆಟಿ ತಿಂಗಳ ಮಳೆ ಬಿಡುವು ಕೊಡದಿದ್ದರೆ ಆ ಎರಡನೆಯ ಸರದಿ ತಪ್ಪುತ್ತದೆ, ಮರದ ಬುಡದಲ್ಲಿ ನಳ್ಳಿ, ಅಂದರೆ ಎಳೆಯ ಅಡಿಕೆ, ಉದುರಿ ಬೀಳುತ್ತದೆ. ಎರಡನೆಯ ಮದ್ದು ಒಂದು ವಾರ ತಡವಾದರೆ ಎಷ್ಟು ಗೊನೆ ಹೋಗುತ್ತದೆ ಎಂಬುದನ್ನೇ ಪ್ರಶ್ನೆಯಾಗಿ ಇಟ್ಟುಕೊಳ್ಳೋಣ.

ಮಹಾಳಿಗೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಇದನ್ನು ಶಿಲೀಂಧ್ರವೆಂದು ಕರೆಯುವುದು ರೂಢಿಯಾದರೂ ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರದ್ದು. ಅದರ ಬೀಜಾಣುಗಳು ನೀರಿನ ತೆಳುಪೊರೆಯಲ್ಲಿ ಈಜಬಲ್ಲವು, ಮಳೆಹನಿ ಸಿಡಿದಾಗ ಗಾಳಿಯೊಂದಿಗೆ ಪಕ್ಕದ ಗೊನೆಗೆ ಹಾರಬಲ್ಲವು. ಈ ಜೀವಿಯ ಜೀನುಗಳು, ಅದು ಸ್ರವಿಸುವ ಕಿಣ್ವಗಳು, ಅಡಿಕೆಯ ಸಿಪ್ಪೆಯ ರಾಸಾಯನಿಕ ರಚನೆ, ಇವೆಲ್ಲ ಮಹತ್ವದ ಸಂಗತಿಗಳೇ. ಆದರೆ ಮದ್ದಿನ ಸರದಿಯ ಪ್ರಶ್ನೆಗೆ ಅವು ನೇರವಾಗಿ ಬೇಕಾಗಿಲ್ಲ, ಆದ್ದರಿಂದ ಹೊರಗೆ. ಗೊನೆಗಳನ್ನು ನಾಲ್ಕು ಗುಂಪು ಮಾಡಿದರೆ ಸಾಕು: ಆರೋಗ್ಯವಾಗಿರುವವು, ರೋಗ ಹೊಕ್ಕಿದ್ದರೂ ಇನ್ನೂ ಕಾಣಿಸಿಕೊಳ್ಳದವು, ಬೀಜಾಣು ಚೆಲ್ಲುತ್ತಿರುವವು, ಉದುರಿ ಮುಗಿದವು. ಒಂದು ಗುಂಪಿನಿಂದ ಇನ್ನೊಂದಕ್ಕೆ ಬಾಣ ಎಳೆದು, ಪ್ರತಿ ಬಾಣದ ಮೇಲೆ ದಿನಕ್ಕೆ ಎಷ್ಟು ಎಂಬ ದರವನ್ನು ಬರೆಯಬೇಕು. ಎಡೆಬಿಡದ ಮಳೆ, ತೇವ, ತಂಪು ಇದ್ದಾಗ ಮೊದಲ ಬಾಣದ ದರ ಏರುತ್ತದೆ, ಮದ್ದು ಬಿಟ್ಟಾಗ ಇಳಿಯುತ್ತದೆ, ಮದ್ದು ತೊಳೆದುಹೋದಂತೆ ಮತ್ತೆ ಏರುತ್ತದೆ. ನೀವು ಕೇಳಿದ ನಿಯಮ ಬರುವುದು ಇಲ್ಲಿಂದಲೇ. ಪ್ರಯೋಗಾಲಯದಲ್ಲಿಯೂ ತೋಟದಲ್ಲಿಯೂ ಅಳೆದು, ಎಣಿಸಿ, ಪ್ರತಿ ಬಾಣಕ್ಕೂ ಒಂದೊಂದು ಸಣ್ಣ ನಿಯಮವನ್ನು ಸಂಪಾದಿಸಬೇಕಾಗುತ್ತದೆ.

ತರಗತಿಗೆ ಇದನ್ನೂ ಸರಳಗೊಳಿಸಿ, ನಾಲ್ಕರ ಬದಲು ಎರಡೇ ಗುಂಪು ಇಟ್ಟುಕೊಳ್ಳಿ: ಆರೋಗ್ಯವಾಗಿರುವವು ಮತ್ತು ರೋಗ ತಗಲಿದವು. ತೋಟದಲ್ಲಿ 1000 ಗೊನೆಗಳಿವೆ, ಅವುಗಳಲ್ಲಿ 10ಕ್ಕೆ ರೋಗ ಬಂದಿದೆ, ಸುತ್ತಲೂ ಆರೋಗ್ಯವಂತ ಗೊನೆಗಳೇ ಇದ್ದರೆ ರೋಗದ ಒಂದು ಗೊನೆ ವಾರಕ್ಕೆ ಎರಡು ಗೊನೆಗಳಿಗೆ ಅಂಟಿಸುತ್ತದೆ ಎಂದು ಹಿಡಿಯಿರಿ. ಈ ಸಂಖ್ಯೆಗಳು ಉದಾಹರಣೆಗೆ ನಾನು ಹಿಡಿದವು, ಅಳೆದವಲ್ಲ. ರೋಗದ ಗೊನೆಗಳ ಎರಡು ಪಟ್ಟನ್ನು ಆರೋಗ್ಯವಾಗಿ ಉಳಿದವುಗಳ ಪಾಲಿನಿಂದ ಗುಣಿಸಿದರೆ ಆ ವಾರದ ಹೊಸ ಸೋಂಕು ಸಿಗುತ್ತದೆ. ಒಂದನೆಯ ವಾರದ ಕೊನೆಗೆ 30, ಎರಡನೆಯದಕ್ಕೆ 88, ಮೂರನೆಯದಕ್ಕೆ 248, ನಾಲ್ಕನೆಯದಕ್ಕೆ 620. ಮದ್ದಿನಿಂದ ಹರಡುವ ದರ ಅರ್ಧವಾಯಿತೆಂದುಕೊಂಡು ಮತ್ತೆ ಲೆಕ್ಕ ಹಾಕಿಸಿ: ನಾಲ್ಕನೆಯ ವಾರಕ್ಕೆ 620ರ ಬದಲು ಸುಮಾರು 149. ದರ ಅರ್ಧವಾದರೆ ನಷ್ಟವೂ ಅರ್ಧವಾಗುತ್ತದೆ ಎಂದು ಮಕ್ಕಳು ಊಹಿಸಿರುತ್ತಾರೆ. ಅದು ಕಾಲು ಭಾಗಕ್ಕೂ ಕೆಳಗೆ ಇಳಿಯುವುದನ್ನು ಅವರೇ ಕಂಡುಕೊಳ್ಳಲಿ.

ಉತ್ತರ: ನಿವೃತ್ತ ಆರೋಗ್ಯ ಕಾರ್ಯಕರ್ತ, ಕುಂಬಳೆ

ಮೇಲಿನ ಉತ್ತರಕ್ಕೆ ಸೊಳ್ಳೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಈ ವಿದ್ಯೆಯ ಬೇರುಗಳಲ್ಲಿ ಒಂದೆರಡು ನಮ್ಮ ದೇಶದಲ್ಲಿಯೇ ಇವೆ. ಅಲ್ಮೋರದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರಾವಲಂಬಿಯನ್ನು ಕಂಡರು ಎಂಬುದು ಪಾಠಪುಸ್ತಕಗಳಲ್ಲಿದೆ. ಅವರು ಅನಂತರ ಮಲೇರಿಯ ಹರಡುವುದನ್ನು ಸಮೀಕರಣಗಳಲ್ಲಿ ಬರೆದರು ಎಂಬುದನ್ನು ನಮಗೆ ತರಬೇತಿಯಲ್ಲಿಯೂ ಯಾರೂ ಹೇಳಿರಲಿಲ್ಲ. ಸೊಳ್ಳೆಗಳನ್ನು ಪೂರ್ತಿಯಾಗಿ ನಿರ್ಮೂಲ ಮಾಡದೆ ಮಲೇರಿಯ ಹೋಗದು ಎಂದು ವಾದಿಸುತ್ತಿದ್ದವರಿಗೆ, ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದರೆ ರೋಗ ತಾನಾಗಿಯೇ ಆರಿಹೋಗುತ್ತದೆ ಎಂದು ಅವರು ಲೆಕ್ಕದಿಂದ ತೋರಿಸಿಕೊಟ್ಟರು. ಭಾರತದ ವೈದ್ಯಕೀಯ ಸೇವೆಯಲ್ಲಿದ್ದ ಮೆಕೆಂಡ್ರಿಕ್ ಎಂಬವರು ಕರ್ಮ್ಯಾಕ್ ಅವರೊಂದಿಗೆ 1927ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಸಮೀಕರಣವನ್ನು ಒರೆಗೆ ಹಚ್ಚಿದ್ದು 1905-06ರ ಮುಂಬಯಿ ಪ್ಲೇಗಿನ ಸಾವಿನ ಅಂಕಿಗಳ ಮೇಲೆ. ಕೊರೋನ ಕಾಲದಲ್ಲಿ ನಾವೆಲ್ಲ ಟಿವಿಯಲ್ಲಿ ನೋಡಿದ ಏರಿಳಿತದ ರೇಖೆಗಳ ಮೂಲಪಾಠ ಅದು.

ಡೆಂಗಿಯ ಕೆಲಸಕ್ಕೆ ತೋಟಗಳನ್ನು ಸುತ್ತುವಾಗ ಉದುರಿದ ಅಡಿಕೆ ಹಾಳೆಯಲ್ಲಿ, ರಬ್ಬರಿಗೆ ಕಟ್ಟಿದ ಗೆರಟೆಯಲ್ಲಿ ನಿಂತ ನೀರನ್ನು ಚೆಲ್ಲಿಸುವುದೇ ನಮ್ಮ ಮುಖ್ಯ ಉದ್ಯೋಗವಾಗಿತ್ತು. ಅದು ಸೊಳ್ಳೆಗಳ ಸಂಖ್ಯೆಯನ್ನು ಇಳಿಸುವ ಉಪಾಯ. ಸೊಳ್ಳೆಯ ಆಯುಷ್ಯವನ್ನು ಇಳಿಸುವುದು ಇದಕ್ಕಿಂತ ಪರಿಣಾಮಕಾರಿಯಾಗಬಹುದು ಎಂಬುದು 1950ರ ದಶಕದಲ್ಲಿ ಮ್ಯಾಕ್ಡೊನಾಲ್ಡ್ ಅವರು ರಾಸ್ ಸಮೀಕರಣಗಳನ್ನು ಬೆಳೆಸಿದಾಗ ಸ್ಪಷ್ಟವಾಯಿತು. ರೋಗಾಣು ಸೊಳ್ಳೆಯೊಳಗೆ ಪಕ್ವವಾಗಲು ಹತ್ತು ದಿನ ಬೇಕೆಂದು ಹಿಡಿಯೋಣ. ಸೊಳ್ಳೆ ಒಂದು ದಿನ ಬದುಕಿ ಉಳಿಯುವ ಸಾಧ್ಯತೆ 0.9 ಆದರೆ ಹತ್ತು ದಿನ ಉಳಿಯುವ ಸೊಳ್ಳೆಗಳು ನೂರಕ್ಕೆ 35, ಅದೇ 0.8 ಆದರೆ ನೂರಕ್ಕೆ 11 ಕೂಡ ಇಲ್ಲ. ಮನೆಯ ಗೋಡೆಗೆ ಔಷಧ ಸಿಂಪಡಿಸುವುದರ ಹಿಂದೆ ಇದ್ದ ಲೆಕ್ಕ ಇದೇ. ನೋಡಿ, ಇಲ್ಲಿಯೂ ಸೊಳ್ಳೆಯ ರೆಕ್ಕೆ, ಕಣ್ಣು, ಮೆದುಳು ಯಾವುದೂ ಒಳಗೆ ಬಂದಿಲ್ಲ.

ಪ್ರಶ್ನಿಸಿದವರು: ಎಣ್ಮಕಜೆಯ ಅಧ್ಯಾಪಕ

ಇಬ್ಬರಿಗೂ ಕೃತಜ್ಞತೆಗಳು. ಮಹಾಳಿಯ ಲೆಕ್ಕವನ್ನು ಇಂದು ತರಗತಿಯಲ್ಲಿ ಮಾಡಿಸಿದೆ, ಆದರೆ ಒಂದು ಪೇಚಿಗೆ ಸಿಕ್ಕಿಕೊಂಡೆ. ಮೇಡಂ ಅವರು ನಾಲ್ಕು ವಾರಕ್ಕೆ ನಿಲ್ಲಿಸಿದ್ದರು, ಮಕ್ಕಳು ನಿಲ್ಲಿಸಲಿಲ್ಲ. ಐದನೆಯ ವಾರಕ್ಕೆ ರೋಗ ತಗಲಿದ ಗೊನೆಗಳ ಸಂಖ್ಯೆ 1091 ಎಂದು ಬಂತು. ತೋಟದಲ್ಲಿ ಇರುವುದೇ 1000 ಗೊನೆ. ಇಡೀ ತರಗತಿ ನಕ್ಕಿತು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ನಗದೆ ನನ್ನ ಮುಖ ನೋಡಿದಳು. ಕೂಡುವುದರಲ್ಲಿ ತಪ್ಪಿಲ್ಲವೆಂದು ಮೂರು ಬಾರಿ ಪರೀಕ್ಷಿಸಿದ್ದೇನೆ.

ಉತ್ತರ: ಮುಳ್ಳೇರಿಯದವಳು

ಮಾಷ್ಟ್ರೆ, ಕೂಡುವುದರಲ್ಲಿ ತಪ್ಪಿಲ್ಲ. ತಪ್ಪು ನನ್ನ ಹೆಜ್ಜೆಯದು. ನಾನು ನಾಲ್ಕಕ್ಕೆ ನಿಲ್ಲಿಸಿದ್ದೂ ಅದಕ್ಕಾಗಿಯೇ ಎಂದು ಒಪ್ಪಿಕೊಳ್ಳುತ್ತೇನೆ. ಮಕ್ಕಳು ಅಲ್ಲಿಗೇ ಹೋಗಿ ಮುಟ್ಟಿದ್ದು ಸಂತೋಷ.

ನಿಜವಾದ ತೋಟದಲ್ಲಿ ಸೋಂಕು ಕ್ಷಣಕ್ಷಣಕ್ಕೂ ಹರಡುತ್ತಿರುತ್ತದೆ, ಆರೋಗ್ಯವಂತ ಗೊನೆಗಳ ಪಾಲು ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ನಾವಾದರೋ ವಾರದ ಆರಂಭದಲ್ಲಿ ಒಮ್ಮೆ ಆ ಪಾಲನ್ನು ನೋಡಿ, ಏಳು ದಿನವೂ ಅದು ಹಾಗೆಯೇ ಇರುತ್ತದೆಂದು ನಂಬಿ ಕಣ್ಣು ಮುಚ್ಚಿ ನಡೆದೆವು. ಐದನೆಯ ವಾರದಲ್ಲಿ ಉಳಿದಿದ್ದ 380 ಗೊನೆಗಳಿಗೆ 471 ಹೊಸ ಸೋಂಕನ್ನು ಹಂಚಿದೆವು. ಕಂಪ್ಯೂಟರ್ ಮಾಡುವುದೂ ಹೀಗೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಲೆಕ್ಕವನ್ನೇ. ಆದ್ದರಿಂದ ಹೆಜ್ಜೆ ಎಷ್ಟು ಚಿಕ್ಕದಿರಬೇಕು ಎಂಬುದು ಮಾದರಿ ಕಟ್ಟುವವರಿಗೆ ನಿತ್ಯದ ತಲೆನೋವು.

ಈಗ ಅದೇ ಲೆಕ್ಕವನ್ನು ದಿನಕ್ಕೊಂದು ಹೆಜ್ಜೆಯಂತೆ ಮಾಡಿಸಿ: ದರ ವಾರಕ್ಕೆ 2 ಎನ್ನುವ ಬದಲು ದಿನಕ್ಕೆ 2ರ ಏಳನೆಯ ಒಂದು ಭಾಗ. ಸಂಖ್ಯೆ ಎಂದಿಗೂ 1000 ದಾಟುವುದಿಲ್ಲ. ಆದರೆ ಮೊದಲ ವಾರದ ಕೊನೆಗೇ ಇನ್ನೊಂದು ಅಚ್ಚರಿ ಕಾದಿದೆ: 30 ಬರಬೇಕಾದಲ್ಲಿ 56 ಬರುತ್ತದೆ. ಏಕೆಂದರೆ ದಿನದ ಲೆಕ್ಕದಲ್ಲಿ ಇಂದು ರೋಗ ತಗಲಿದ ಗೊನೆ ನಾಳೆಯಿಂದಲೇ ಅಂಟಿಸಲು ಹೊರಡುತ್ತದೆ, ವಾರದ ಲೆಕ್ಕದಲ್ಲಿ ಮುಂದಿನ ವಾರದವರೆಗೆ ಸುಮ್ಮನೆ ಕೂತಿರುತ್ತದೆ. ಅಂದರೆ ವಾರದ ಹೆಜ್ಜೆ ನಮಗೆ ತಿಳಿಯದಂತೆ ಒಂದು ಜೀವಶಾಸ್ತ್ರೀಯ ಊಹೆಯನ್ನು ಒಳಗೆ ನುಗ್ಗಿಸಿತ್ತು: ರೋಗ ಹೊಕ್ಕ ಗೊನೆ ಕೆಲವು ದಿನ ಬೀಜಾಣು ಚೆಲ್ಲುವುದಿಲ್ಲ ಎಂಬುದನ್ನು. ಆ ಊಹೆ ನಿಜಕ್ಕೆ ಹತ್ತಿರವೇ ಇದೆ, ಆದರೆ ಅದನ್ನು ನಾವು ಹೇಳಿಕೊಟ್ಟಿರಲಿಲ್ಲ. ಮೊದಲ ಉತ್ತರದಲ್ಲಿ ನಾಲ್ಕು ಗುಂಪುಗಳನ್ನು ಹೇಳಿ, ಕಾಣಿಸಿಕೊಳ್ಳದವು ಎಂಬುದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದು ಇದಕ್ಕೇ. ಹೆಜ್ಜೆಯನ್ನು ಚಿಕ್ಕದು ಮಾಡಿದಾಗ ಉತ್ತರ ಬಹಳ ಬದಲಾದರೆ, ಎಲ್ಲೋ ಹೇಳದೆ ಬಿಟ್ಟ ಮಾತೊಂದು ಅಡಗಿದೆ ಎಂದು ನಾವು ಮೊದಲು ಅನುಮಾನಿಸುತ್ತೇವೆ.

ದೊಡ್ಡ ಮಾದರಿಗಳಲ್ಲಿ ಇದು ಇನ್ನೂ ತೊಡಕಿನದು. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಮೈಕೊಪ್ಲಾಸ್ಮ ಜೆನಿಟಾಲಿಯಂ ಎಂಬ, ಕೇವಲ 525 ಜೀನುಗಳಿರುವ ಬ್ಯಾಕ್ಟೀರಿಯದ ಇಡೀ ಕೋಶಕ್ಕೆ ಮಾದರಿ ಕಟ್ಟಿತು. ಅವರು ಕೋಶದ ಕೆಲಸಗಳನ್ನು 28 ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಅದಕ್ಕೆ ಒಗ್ಗುವ ಗಣಿತವನ್ನು ಬಳಸಿದರು. ಆಹಾರವನ್ನು ಅರಗಿಸುವ ರಾಸಾಯನಿಕ ಕ್ರಿಯೆಗಳಿಗೆ ಒಂದು ಬಗೆ, ಬೆರಳೆಣಿಕೆಯ ಅಣುಗಳು ಆಕಸ್ಮಿಕವಾಗಿ ಡಿಕ್ಕಿ ಹೊಡೆಯುವ ಕಡೆ ಪಗಡೆ ಹಾಕಿದಂತಹ ಇನ್ನೊಂದು ಬಗೆ. ಒಂದೊಂದು ಸೆಕೆಂಡಿಗೆ ಎಲ್ಲ ತುಂಡುಗಳನ್ನೂ ಬೇರೆ ಬೇರೆಯಾಗಿ ನಡೆಸಿ, ಸೆಕೆಂಡಿನ ಕೊನೆಗೆ ಒಂದೆಡೆ ಕೂಡಿಸಿ ಲೆಕ್ಕ ಒಪ್ಪಿಸಿಕೊಂಡು ಮತ್ತೆ ಕಳುಹಿಸುತ್ತಿದ್ದರು. ನಮ್ಮ ಕಡೆ ಕೂಡುಕುಟುಂಬದಲ್ಲಿ ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಹೋಗಿ ರಾತ್ರಿ ಊಟಕ್ಕೆ ಸೇರುತ್ತಿದ್ದ ಹಾಗೆ. ಜೀನನ್ನು ತೆಗೆದುಹಾಕಿದ ಕೆಲವು ತಳಿಗಳ ಬೆಳವಣಿಗೆಯ ವೇಗವನ್ನು ಆ ಮಾದರಿ ತಪ್ಪಾಗಿ ಹೇಳಿತು. ಎಲ್ಲಿ ತಪ್ಪಿತೆಂದು ಹುಡುಕಿದಾಗ ಕೆಲವು ಕಿಣ್ವಗಳ ವೇಗಕ್ಕೆ ಬಳಸಿದ ಸಂಖ್ಯೆಗಳ ಮೇಲೆ ಅನುಮಾನ ಬಂತು. ಅನಂತರ ಪ್ರಯೋಗಾಲಯದಲ್ಲಿ ಆ ವೇಗಗಳನ್ನೇ ಅಳೆದು ನೋಡಿದರು. ಗೊತ್ತಿಲ್ಲದ್ದನ್ನು ಹೇಗೆ ಹೇಳಿಕೊಡುತ್ತಾರೆ ಎಂದ ಹುಡುಗಿಗೆ ಇದನ್ನು ಹೇಳಿ: ಗೊತ್ತಿಲ್ಲದ್ದು ಎಲ್ಲಿದೆ ಎಂದು ತಿಳಿಯುವುದಕ್ಕೂ ಮಾದರಿ ಬೇಕಾಗುತ್ತದೆ.

ಉತ್ತರ: ಶಿರಿಯಾ ಹೊಳೆಯ ಕರೆ

ನಾನು ವಿಜ್ಞಾನ ಓದಿದವನಲ್ಲ, ಐವತ್ತು ವರ್ಷದಿಂದ ಅಡಿಕೆ ತೋಟದಲ್ಲಿರುವವನು. ತಂಗಿ ಬರೆದದ್ದನ್ನು ಎರಡು ಬಾರಿ ಓದಿದೆ. ಎರಡು ತಕರಾರುಗಳಿವೆ.

ಮೊದಲನೆಯದು, 1000 ಗೊನೆಗಳನ್ನು ಒಂದೇ ಬುಟ್ಟಿಯಲ್ಲಿ ಹಾಕಿದಂತೆ ಲೆಕ್ಕ ಹಾಕಿದ್ದೀರಿ. ನನ್ನ ತೋಟದಲ್ಲಿ ಹೊಳೆಯ ಬದಿಯ ಸಾಲುಗಳಿಗೆ ಬಿಸಿಲು ಮಧ್ಯಾಹ್ನದವರೆಗೆ ಮುಟ್ಟುವುದಿಲ್ಲ. ಗುಡ್ಡೆಯ ಬದಿಯಲ್ಲಿ ಗಾಳಿ ಆಡುತ್ತದೆ. ಮಹಾಳಿ ಪ್ರತಿ ವರ್ಷವೂ ಹೊಳೆಯ ಬದಿಯ ಅದೇ ಮೂಲೆಯಿಂದ ಹೊರಡುತ್ತದೆ. ಎರಡನೆಯದು, ಕೆಲವು ವರ್ಷಗಳ ಹಿಂದೆ ರೋಗದ ಮುನ್ಸೂಚನೆ ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಅದನ್ನು ನಂಬಿ ಮೈಲುತುತ್ತು, ಸುಣ್ಣ ತರಿಸಿ, ಮರ ಹತ್ತುವವರನ್ನು ದುಪ್ಪಟ್ಟು ಕೂಲಿಗೆ ಕರೆಸಿ ಮದ್ದು ಬಿಡಿಸಿದೆ. ಆ ವಾರ ಬಿಸಿಲು ಹೊಡೆಯಿತು. ಹಳೆಯ ಅಂಕಿಗಳಿಗೆ ಸರಿಹೊಂದುವಂತೆ ಸಂಖ್ಯೆಗಳನ್ನು ತಿರುಗಿಸಿ ಕೂರಿಸುವುದು ಕಷ್ಟವಲ್ಲ. ಮುಂದಿನ ವರ್ಷವನ್ನು ಹೇಳುತ್ತದೆಂದು ನಂಬುವುದು ಹೇಗೆ?

ಉತ್ತರ: ಮುಳ್ಳೇರಿಯದವಳು

ಮಾವ, ಎರಡೂ ತಕರಾರುಗಳು ಸರಿಯಾದವು.

ಒಂದೇ ಬುಟ್ಟಿಯ ಮಾದರಿ ಸಾಲದಿದ್ದಾಗ ಪ್ರತಿ ಮರಕ್ಕೂ ಪ್ರತ್ಯೇಕ ಸ್ಥಾನವಿರುವ ಮಾದರಿಯನ್ನು ಕಟ್ಟುತ್ತಾರೆ. ಒಂಬತ್ತು ಅಡಿಗೊಂದರಂತೆ ಮರಗಳನ್ನು ನಕಾಶೆಯಲ್ಲಿ ನಿಲ್ಲಿಸಿ, ಹೊಳೆಯ ಬದಿಗೆ ಹೆಚ್ಚು ತೇವದ ಗಂಟೆಗಳನ್ನು, ಗುಡ್ಡೆಯ ಬದಿಗೆ ಕಡಿಮೆ ಗಂಟೆಗಳನ್ನು ಕೊಡುತ್ತಾರೆ. ಹನಿ ಸಿಡಿದು ರೋಗ ಹಾರುವುದನ್ನು ಪಕ್ಕದ ಮರಕ್ಕೆ ಹೆಚ್ಚು, ದೂರದ ಮರಕ್ಕೆ ಕಡಿಮೆ ಎಂದು ಆಕಸ್ಮಿಕಕ್ಕೆ ಬಿಡುತ್ತಾರೆ. ಒಂದೇ ಮಳೆಗಾಲವನ್ನು ನೂರಾರು ಸಲ ನಡೆಸಿದರೆ ನೂರಾರು ಬೇರೆ ಬೇರೆ ಫಲಿತಾಂಶಗಳು ಬರುತ್ತವೆ, ಅವುಗಳಿಂದ ಸಾಧ್ಯತೆಯನ್ನು ಹೇಳಬಹುದು. ಆದರೆ ಇದಕ್ಕೆ ಒಂದು ಬೆಲೆಯಿದೆ: ಪ್ರತಿ ಮೂಲೆಯ ತೇವವನ್ನು ಯಾರಾದರೂ ಅಳೆದಿರಬೇಕು. ಅಳತೆಯಿಲ್ಲದೆ ವಿವರವನ್ನು ಹೆಚ್ಚಿಸಿದರೆ ಮಾದರಿ ದೊಡ್ಡದಾಗುತ್ತದೆ, ನಂಬಿಕೆಗೆ ಯೋಗ್ಯವಾಗುವುದಿಲ್ಲ. ಆರಂಭದಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ.

ಎರಡನೆಯ ತಕರಾರು ಇಡೀ ಕ್ಷೇತ್ರದ್ದು. ಅದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ 1952ರದು. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅವರು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರತಂತುವಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಒಳಹೊರಗೆ ಹರಿಯುವುದನ್ನು ಅಳೆದು ಸಮೀಕರಣಗಳನ್ನು ಬರೆದರು. ಅಳತೆಗಳನ್ನು ತೆಗೆದದ್ದು ಪೊರೆಯ ವಿದ್ಯುತ್ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಿದ ಪ್ರಯೋಗಗಳಿಂದ. ಅಲ್ಲಿ ನರಸಂಕೇತ ಓಡುವ ಪ್ರಶ್ನೆಯೇ ಇರಲಿಲ್ಲ. ಆ ಸಂಖ್ಯೆಗಳನ್ನು ಮುಟ್ಟದೆ, ಸಂಕೇತ ಓಡಿದರೆ ಎಷ್ಟು ವೇಗ ಎಂದು ಅವರು ಲೆಕ್ಕ ಹಾಕಿದರು. ಕೇಂಬ್ರಿಜಿನ ಕಂಪ್ಯೂಟರನ್ನು ಆಗ ಮಾರ್ಪಾಡಿಗಾಗಿ ನಿಲ್ಲಿಸಿದ್ದರಿಂದ ಹಕ್ಸ್‌ಲಿ ಅದನ್ನು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಮಾಡಿದರು. ಬಂದ ಉತ್ತರ ಸೆಕೆಂಡಿಗೆ 18.8 ಮೀಟರ್, ಅಳೆದಾಗ ಸಿಕ್ಕಿದ್ದು 21.2 ಮೀಟರ್. ಸರಿಹೊಂದಿಸಲು ಬಳಸದೇ ಇದ್ದ ಅಳತೆಗೆ ಮಾದರಿ ಇಷ್ಟು ಹತ್ತಿರ ಬಂದದ್ದರಿಂದಲೇ ಅದನ್ನು ಜನ ನಂಬಿದರು. 1960ರಲ್ಲಿ ಡೆನಿಸ್ ನೋಬಲ್ ಅವರು ಅದೇ ಸಮೀಕರಣಗಳನ್ನು ತಿದ್ದಿ ಹೃದಯದ ಬಡಿತಕ್ಕೆ ಅನ್ವಯಿಸಿದರು.

ಮುನ್ಸೂಚನೆಗೂ ಪರೀಕ್ಷೆ ಇದೇ: ಕಟ್ಟಲು ಬಳಸದ ಮಳೆಗಾಲಗಳನ್ನು ಅದು ಎಷ್ಟು ಸರಿಯಾಗಿ ಹೇಳಿತು ಎಂದು ಕೇಳಬೇಕು. ಮಹಾಳಿಯ ದಾಯಾದಿಯಾದ ಆಲೂಗಡ್ಡೆಯ ಅಂಗಮಾರಿಗೆ ಬ್ರಿಟನ್ನಿನಲ್ಲಿ 1956ರಿಂದ ಒಂದು ಸರಳ ಸೂತ್ರವಿತ್ತು. ಸತತ ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯದೆ, ದಿನಕ್ಕೆ ಕನಿಷ್ಠ 11 ಗಂಟೆ ಗಾಳಿಯ ತೇವಾಂಶ ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಎಚ್ಚರಿಕೆ ಕೊಡುತ್ತಿದ್ದರು. ಅದು ಹಲವೆಡೆ ರೋಗವನ್ನು ಮೊದಲೇ ಹಿಡಿಯದೆ ಹೋಗುತ್ತಿದ್ದುದನ್ನು ಕಂಡು, 2017ರಲ್ಲಿ 11 ಗಂಟೆಯನ್ನು 6ಕ್ಕೆ ಇಳಿಸಿದರು. ಇಳಿಸಿದರೆ ತಪ್ಪಿಹೋಗುವ ರೋಗ ಕಡಿಮೆಯಾಗುತ್ತದೆ, ನಿಮಗೆ ಬಂದಂತಹ ಸುಳ್ಳು ಎಚ್ಚರಿಕೆ ಹೆಚ್ಚಾಗುತ್ತದೆ. ಯಾವ ತಪ್ಪು ಸಹಿಸಬಹುದಾದದ್ದು ಎಂಬುದು ಮರ ಹತ್ತುವವರ ಕೂಲಿ, ಅಡಿಕೆಯ ಧಾರಣೆ ಎರಡನ್ನೂ ಬಲ್ಲವರು ತೀರ್ಮಾನಿಸಬೇಕಾದ ವಿಷಯ. ಅದನ್ನು ನಿಮ್ಮಂತಹವರನ್ನು ಕೇಳದೆ ಕಂಪ್ಯೂಟರಿನ ಮುಂದೆ ಕೂತವರು ನಿಗದಿ ಮಾಡಿದ್ದರೆ ಅದು ಅವರ ತಪ್ಪು.

ಪ್ರಶ್ನಿಸಿದವರು: ಎಣ್ಮಕಜೆಯ ಅಧ್ಯಾಪಕ

ಮೇಡಂ, ಮಕ್ಕಳು ಈ ಮಳೆಗಾಲದಲ್ಲಿ ತಾವೇ ಅಳೆಯಬೇಕೆಂದು ಹಟ ಹಿಡಿದಿದ್ದಾರೆ. ಶಾಲೆಯಲ್ಲಿ ಮಳೆಮಾಪಕವಿದೆ, ಪ್ರತಿ ಶನಿವಾರ ಒಂದು ತೋಟದಲ್ಲಿ ಗೊನೆಗಳನ್ನು ಎಣಿಸಬಹುದು. ಶಿರಿಯಾದ ಹಿರಿಯರು ಒಪ್ಪಿದರೆ ಅವರ ತೋಟ ಹತ್ತಿರವೇ ಆಗುತ್ತದೆ. ಬೇರೇನು ಬರೆದಿಡಬೇಕು?

ಉತ್ತರ: ಮುಳ್ಳೇರಿಯದವಳು

ಹೊಳೆಯ ಬದಿ, ಗುಡ್ಡೆಯ ಬದಿ ಎರಡರ ಎಣಿಕೆಯನ್ನೂ ಬೇರೆ ಬೇರೆಯಾಗಿ ಇಡಿ; ಬೆಳಗ್ಗೆ ಗೊನೆಗಳ ಮೇಲಿನ ನೀರು ಎಷ್ಟು ಗಂಟೆಗೆ ಆರಿತು ಎಂಬುದನ್ನು ಬರೆಯಿರಿ; ಮದ್ದು ಬಿಟ್ಟ ದಿನಾಂಕವನ್ನು ಮರೆಯಬೇಡಿ. ಮೊದಲ ನಾಲ್ಕು ವಾರದ ಎಣಿಕೆಯಿಂದ ದರವನ್ನು ಕಂಡುಕೊಂಡು, ಅದನ್ನು ಮತ್ತೆ ತಿದ್ದದೆ, ಮುಂದಿನ ನಾಲ್ಕು ವಾರಗಳನ್ನು ಮೊದಲೇ ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿಡಲಿ. ಸಾಧ್ಯವಾದರೆ ಹೋಲಿಕೆಗಾಗಿ ಹೊಳೆಯ ಬದಿಯ ಒಂದು ಸಾಲಿಗೆ ಮದ್ದು ಬಿಡದೆ ಇರಿಸಿದರೆ ಬಹಳ ಉಪಯೋಗವಾಗುತ್ತಿತ್ತು.

ಉತ್ತರ: ಶಿರಿಯಾ ಹೊಳೆಯ ಕರೆ

ಮಕ್ಕಳು ಬರಲಿ, ಮಜ್ಜಿಗೆ ನೀರು ಇರುತ್ತದೆ. ಎಣಿಸುವುದಕ್ಕೆ ದೋಟಿ ಹಿಡಿಯುವ ಹುಡುಗನನ್ನೂ ಕೊಡುತ್ತೇನೆ. ಹೊಳೆಯ ಬದಿಯಲ್ಲಿ ಮದ್ದು ಬಿಡದೆ ಇರುವ ಮಾತನ್ನು ಮಾತ್ರ ಯಾರೂ ಎತ್ತಬಾರದು. ಅಲ್ಲಿಂದ ಹೊರಟದ್ದು ನೆರೆಯವರ ತೋಟಕ್ಕೂ ಹೋಗುತ್ತದೆ. ಗುಡ್ಡೆಯ ತುದಿಯಲ್ಲಿ ಹತ್ತು ಹಳೆಯ ಮರಗಳಿವೆ, ಅವನ್ನು ಬೇಕಾದರೆ ಮದ್ದಿಲ್ಲದೆ ಬಿಡುತ್ತೇನೆ.